ಇನ್ನೂರ ಹನ್ನೆರಡನೆಯ ಪಾಠ

ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಸೀಮಾಂತ ಮೇಷ್ಟ್ರು. ಅವರ ಬಾಯಲ್ಲಿ ಬರುವುದೆಲ್ಲ ಸೀಮಾಂತವೇ: ಸೀಮಾಂತ ವೆಚ್ಚ, ಸೀಮಾಂತ ಲಾಭ, ಸೀಮಾಂತ ತೃಪ್ತಿ, ಅಂದರೆ ಇನ್ನೊಂದು ಸೇರಿದಾಗ ಎಷ್ಟು ಹೆಚ್ಚಾಯಿತು ಎಂಬ ಲೆಕ್ಕ. ಕ್ಯಾಂಟೀನಿನಲ್ಲಿ ಯಾರಾದರೂ ಇನ್ನೊಂದು ಬಿಸ್ಕತ್ತಿಗೆ ಕೈ ಹಾಕಿದರೆ ಹಿಂದೆ ಬಂದು ನಿಂತು, ಇದು ಮೊದಲನೆಯ ಬಿಸ್ಕತ್ತಿನಷ್ಟೇ ಖುಷಿ ಕೊಡುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಅವರು ವಿಚಾರಿಸಿದ ಮೇಲೆ ಯಾವ ಬಿಸ್ಕತ್ತೂ ಖುಷಿ ಕೊಡುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಬೆಲೆ, ಬೇಡಿಕೆ, ಪೂರೈಕೆ ಎಂದು ಪಾಠ ಮಾಡಿದ ಮನುಷ್ಯ ಜೀವಮಾನದಲ್ಲಿ ಏನನ್ನೂ ಮಾರಿರಲಿಲ್ಲ. ಮನೆಯ ಹಳೆ ಪೇಪರನ್ನು ತೂಕಕ್ಕೆ ಹಾಕುವಾಗ ಕೂಡ ಹೆಂಡತಿ ಅವರನ್ನು ಒಳಗೆ ಕಳಿಸುತ್ತಿದ್ದರು. ಅವರ ಮುಖ ಕಂಡರೆ ಪೇಪರಿನವನು ಬೆಲೆ ಇಳಿಸುತ್ತಾನಂತೆ.

ಆ ವರ್ಷ ಮೇಷ್ಟ್ರಿಗೆ ಏನು ಹೊಳೆಯಿತೋ, ಪುಸ್ತಕ ಸಾಕು, ಬೀದಿಗೆ ಇಳಿಯಿರಿ ಅಂದರು. ಪ್ರತಿಯೊಬ್ಬರೂ ಒಂದು ಸಣ್ಣ ವ್ಯಾಪಾರವನ್ನು ಹಿಡಿಯಬೇಕು, ಅಲ್ಲಿ ಒಂದು ಸಮಸ್ಯೆ ಹುಡುಕಬೇಕು, ಒಂದೇ ಒಂದು ಬದಲಾವಣೆ ಮಾಡಿಸಬೇಕು, ಎಂಟು ವಾರ ಅಳೆದು ವರದಿ ಬರೆಯಬೇಕು. ಒಂದಕ್ಕಿಂತ ಹೆಚ್ಚು ಬದಲಾವಣೆ ಮಾಡಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ, ಸೊನ್ನೆ ಕೊಡುತ್ತೇನೆ ಎಂದೂ ಹೇಳಿದರು.

ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಯಾಕಮ್ಮನಿಗೆ ಇದು ಹಬ್ಬವಾಯಿತು. ಯಾಕಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮೂರನೆಯ ವಯಸ್ಸಿನಿಂದ ಎಲ್ಲದಕ್ಕೂ ಯಾಕೆ ಯಾಕೆ ಎಂದು ಪ್ರಾಣ ತಿಂದದ್ದಕ್ಕೆ ಸೋದರಮಾವ ಕೊಟ್ಟ ಬಿರುದು. ಆ ಸೋದರಮಾವನಿಗೆ ಒಂದು ಡ್ರೈವಿಂಗ್ ಸ್ಕೂಲ್ ಇತ್ತು. ಬಿರುದು ಕೊಟ್ಟವರೇ ಫಲ ಉಣ್ಣಲಿ ಎಂದು ಅವಳು ನೇರವಾಗಿ ಅಲ್ಲಿಗೇ ಹೋದಳು.

ಸ್ಕೂಲ್ ಅಂದರೆ ಟೈರ್ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡ ಒಂದು ಉದ್ದನೆಯ ಕೋಣೆ. ಗೋಡೆ ತುಂಬ ರಸ್ತೆ ಚಿಹ್ನೆಗಳ ಚಿತ್ರಪಟ; ಅದರಲ್ಲಿ ‘ಮುಂದೆ ಅಪಾಯ’ ಎಂಬುದು ಸರಿಯಾಗಿ ಅತ್ತೆಯ ಕುರ್ಚಿಯ ಮೇಲೆ ಬಂದಿತ್ತು. ಮಾವ ಮಾಲೀಕರು, ಅತ್ತೆ ಸರ್ಕಾರ. ಮಾವ ಬೆಳಿಗ್ಗೆ ಎರಡೂ ಕಾರುಗಳನ್ನು ಒರೆಸಿ, ಎಲ್ಲ ದೀಪಗಳನ್ನೂ ಉರಿಸಿ ನೋಡಿ, ಆಮೇಲೆ ಬಾಗಿಲಲ್ಲಿ ನಿಂತು ಹೋಗಿಬರುವವರ ಕ್ಲಚ್ ಬಳಕೆಯ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದರು. ರಿಜಿಸ್ಟರ್, ಹಣ, ಹೊತ್ತುಗೊತ್ತು, ಜಗಳ ಎಲ್ಲ ಅತ್ತೆಯ ಕೈಯಲ್ಲಿ.

ಕಲಿಸುವವರು ಇಬ್ಬರು. ಒಬ್ಬ ಬ್ರೇಕಣ್ಣ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವನ ಕಾಲಿಗೂ ಒಂದು ಬ್ರೇಕ್ ಇರುತ್ತದಲ್ಲ, ಅದರಿಂದ ಅವನು ಕಾಲು ತೆಗೆದದ್ದನ್ನು ಯಾರೂ ನೋಡಿರಲಿಲ್ಲ. ಮೊದಲ ಹದಿನೈದು ಪಾಠ ಕಲಿಯುವವರು ತಾವು ಕಾರು ಓಡಿಸುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು, ಅಷ್ಟೇ. ಇನ್ನೊಬ್ಬ ಸೀಟಿ. ಕಾರು ಹತ್ತಿದ ಕ್ಷಣದಿಂದ ಇಳಿಯುವ ತನಕ ತುಟಿಯಲ್ಲಿ ಯಾವುದೋ ರಾಗ. ರಾಗ ನಿಂತಿತೆಂದರೆ ಮುಂದೆ ಗೋಡೆಯೋ ಲಾರಿಯೋ ಇದೆ ಎಂದು ಅರ್ಥ.

ಯಾಕಮ್ಮ ಮೂರು ದಿನ ಅತ್ತೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಹಳೆಯ ರಿಜಿಸ್ಟರುಗಳನ್ನೆಲ್ಲ ಜಾಲಾಡಿದಳು. ನಾಲ್ಕನೆಯ ದಿನ ಸಮಸ್ಯೆ ಸಿಕ್ಕಿತು. ಎದುರು ರಸ್ತೆಯ ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತೈದು ಪಾಠಕ್ಕೆ ಜನ ಪರೀಕ್ಷೆ ಪಾಸು ಮಾಡುತ್ತಿದ್ದರು. ಮಾವನ ಸ್ಕೂಲಿನಲ್ಲಿ ಅದಕ್ಕೆ ನಲವತ್ತೊಂದು ಬೇಕಾಗುತ್ತಿತ್ತು. ಯಾಕೆ? ಮಾವನನ್ನು ಕೇಳಿದರೆ, ನಮ್ಮಲ್ಲಿ ಗಟ್ಟಿಯಾಗಿ ಕಲಿಸುತ್ತಾರೆ ಅಂದರು. ಬ್ರೇಕಣ್ಣನನ್ನು ಕೇಳಿದರೆ, ಈಗಿನ ಜನರ ಕಾಲಿನಲ್ಲಿ ದಮ್ಮಿಲ್ಲ ಅಂದ. ಯಾಕಮ್ಮ ಸಂಬಳದ ಪುಟ ತೆಗೆದಳು. ಇಬ್ಬರಿಗೂ ಪಾಠದ ಲೆಕ್ಕದಲ್ಲಿ ಸಂಬಳ. ಕಲಿಯುವವರು ಬೇಗ ಕಲಿತರೆ ಕಲಿಸುವವರ ಹೊಟ್ಟೆಗೆ ಕಲ್ಲು. ಇಷ್ಟು ಸರಳವಾದದ್ದು ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ ಎಂದು ಅವಳಿಗೆ ಹೆಮ್ಮೆಯಿಂದ ಮೈ ಬಿಸಿಯಾಯಿತು. ಅತ್ತೆಯ ಕಣ್ಣಿಗೆ ಎಂದೋ ಬಿದ್ದಿತ್ತು. ಹೆಚ್ಚು ಪಾಠ ಅಂದರೆ ಸ್ಕೂಲಿಗೂ ಹೆಚ್ಚು ಹಣ ಎಂಬುದೂ ಬಿದ್ದಿತ್ತು. ಆದರೆ ಅವಳು ಅತ್ತೆಯನ್ನು ಆ ವಿಷಯ ಕೇಳಲಿಲ್ಲ, ಅತ್ತೆ ಹೇಳಲಿಲ್ಲ.

ಅದೇ ರಿಜಿಸ್ಟರಿನಲ್ಲಿ ಇನ್ನೊಂದು ಸಾಲು ಕಂಡು ಅವಳ ರಕ್ತ ಕುದಿಯಿತು. ಪಕ್ಕದ ಬೀದಿಯ ಟೈಲರಕ್ಕ, ವಯಸ್ಸು ಐವತ್ತೆಂಟು, ಪಾಠದ ಸಂಖ್ಯೆ ನೂರ ತೊಂಬತ್ತೆಂಟು. ವಾರಕ್ಕೆ ಎರಡು ಪಾಠ, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಏಳಕ್ಕೆ, ಎರಡು ವರ್ಷದಿಂದ. ಒಂದು ಸಲವೂ ಪರೀಕ್ಷೆಗೆ ಹೋಗಿಲ್ಲ. ಕಲಿಯುವವರ ಪರವಾನಗಿಯನ್ನು ಆರು ತಿಂಗಳಿಗೊಮ್ಮೆ ಹೊಸದು ಮಾಡಿಸುತ್ತ ಬಂದಿದ್ದಾರೆ. ಕಲಿಸುವವನು ಬ್ರೇಕಣ್ಣ.

“ಇದು ಹಗಲುದರೋಡೆ ಅಲ್ವಾ ಅತ್ತೆ?” ಎಂದಳು.

ಅತ್ತೆ ಕನ್ನಡಕ ಏರಿಸಿ ಆ ಸಾಲು ನೋಡಿದರು. “ಅವರು ಬರ್ತಾರೆ, ದುಡ್ಡು ಕೊಡ್ತಾರೆ, ಹೋಗ್ತಾರೆ. ದರೋಡೆ ಆದೋರು ಯಾರಾದ್ರೂ ವಾರಕ್ಕೆರಡು ಸಲ ವಾಪಸ್ ಬರ್ತಾರಾ?”

ಆ ಮಾತು ಯಾಕಮ್ಮನ ಕಿವಿಗೆ ಹೋಗಲಿಲ್ಲ. ಅವಳ ತಲೆಯಲ್ಲಿ ಆಗಲೇ ವರದಿಯ ಮೊದಲ ಪುಟ ತಯಾರಾಗಿತ್ತು.

ಬದಲಾವಣೆ ಇಷ್ಟೇ: ಇನ್ನು ಮುಂದೆ ಕಲಿಸುವವರಿಗೆ ಪಾಠಕ್ಕೆ ಇಷ್ಟು ಅಂತಲ್ಲ, ಪರೀಕ್ಷೆ ಪಾಸಾದ ತಲೆಗೆ ಇಷ್ಟು. ಮಾವ ಒಪ್ಪಲಿಲ್ಲ. ಇಪ್ಪತ್ತು ವರ್ಷದಿಂದ ನಡೆದುಕೊಂಡು ಬಂದದ್ದನ್ನು ಎಂಟು ವಾರದ ಪ್ರಯೋಗಕ್ಕೆ ಮುರಿಯುವುದು ಅಂದರೆ ಓಡುವ ಗಾಡಿಯ ಚಕ್ರ ಬಿಚ್ಚಿ ನೋಡಿದ ಹಾಗೆ ಎಂದು ವಾದಿಸಿದರು. ಬೇಗ ಕಲಿಸುವ ಸ್ಕೂಲ್ ಅಂತ ಹೆಸರಾದರೆ ಎದುರು ರಸ್ತೆಯವರ ಗಿರಾಕಿಗಳೆಲ್ಲ ಇತ್ತ ಬರುತ್ತಾರೆ ಎಂದು ಯಾಕಮ್ಮ ಹೇಳಿದಾಗ ಮಾತ್ರ ಅವರ ಕಣ್ಣು ಹೊಳೆಯಿತು. ಎದುರು ರಸ್ತೆಯವನು ಒಂದು ಕಾಲದಲ್ಲಿ ಇವರ ಹತ್ತಿರವೇ ಕೆಲಸಕ್ಕಿದ್ದವನು; ಹೋಗುವಾಗ ಜಾಕ್ ಎತ್ತಿಕೊಂಡು ಹೋಗಿದ್ದಾನೆಂದು ಮಾವನಿಗೆ ಅನುಮಾನ. ಎಂಟು ವಾರ ತಾನೇ, ಆಗಲಿ, ಅವಳ ಮಾರ್ಕ್ಸಿನ ಪ್ರಶ್ನೆ ಎಂದು ಅತ್ತೆ ತೀರ್ಮಾನ ಕೊಟ್ಟರು. ತೀರ್ಮಾನ ಕೊಡುವಾಗ ಅವರ ಮುಖದಲ್ಲಿ, ಬಿಸಿ ತಟ್ಟಿದರೆ ತಾನೇ ಕೈ ಬಿಡುತ್ತಾಳೆ ಎಂಬಂಥ ಶಾಂತಿ ಇತ್ತು.

ಮೊದಲ ಎರಡು ವಾರ ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೇ ನಡೆಯಿತು. ಬ್ರೇಕಣ್ಣ ಬ್ರೇಕಿನಿಂದ ಕಾಲು ತೆಗೆದ. ತೆಗೆದ ದಿನ ಒಬ್ಬ ಬ್ಯಾಂಕ್ ಗುಮಾಸ್ತ ಖಾಲಿ ಮೈದಾನದಲ್ಲಿ ಇಟ್ಟಿದ್ದ ಡ್ರಮ್ಮುಗಳಲ್ಲಿ ನಾಲ್ಕನ್ನು ಬೀಳಿಸಿದ, ಆದರೆ ಐದನೆಯದನ್ನು ತಾನೇ ತಪ್ಪಿಸಿದ. ಸೀಟಿ ಅಂತೂ ಹುಚ್ಚು ಹಿಡಿದವನಂತೆ ಕಲಿಸತೊಡಗಿದ. ಬೆಳಿಗ್ಗೆ ಗೇರು, ಮಧ್ಯಾಹ್ನ ಏರಿನಲ್ಲಿ ನಿಲ್ಲಿಸಿ ಹೊರಡಿಸುವುದು, ಸಂಜೆ ಹಿಮ್ಮುಖ. ಪಾಸಾಗುವವರ ಸಂಖ್ಯೆ ದುಪ್ಪಟ್ಟಾಯಿತು. ಯಾಕಮ್ಮ ಗೆರೆ ಎಳೆದ ಕಾಗದದ ಮೇಲೆ ಚುಕ್ಕಿ ಇಟ್ಟು ಮೇಲಕ್ಕೆ ಏರುವ ರೇಖೆ ಬರೆದಳು. ಅದನ್ನು ಗೋಡೆಗೆ ಅಂಟಿಸಲು ಜಾಗವಿಲ್ಲದೆ ‘ಕಡಿದಾದ ಇಳಿಜಾರು’ ಚಿಹ್ನೆಯ ಮೇಲೆ ಅಂಟಿಸಿದಳು.

ಮೂರನೆಯ ವಾರ ಸೀಮಾಂತ ಮೇಷ್ಟ್ರು ಖುದ್ದಾಗಿ ಬಂದರು. ವಿದ್ಯಾರ್ಥಿಗಳ ಪ್ರಯೋಗಗಳನ್ನು ಸ್ಥಳದಲ್ಲೇ ನೋಡುವುದು ಅವರ ಉದ್ದೇಶ. ನೋಡಿ, ತಲೆಯಾಡಿಸಿ, ಐವತ್ತೊಂದನೆಯ ವಯಸ್ಸಿನಲ್ಲಿ ತಮಗೂ ಕಾರು ಕಲಿಯುವ ಮನಸ್ಸಾಗಿದೆ ಎಂದು ಅತ್ತೆಯ ಮುಂದೆ ಹಣ ಕಟ್ಟಿದರು. ಸೀಟಿ ಅವರನ್ನು ಕರೆದುಕೊಂಡು ಹೋದ. ಟೈರ್ ಅಂಗಡಿ ದಾಟುವಾಗ ರಾಗ ನಿಂತಿತು. ಮತ್ತೆ ಒಂದು ಗಂಟೆ ಕೇಳಲಿಲ್ಲ. ಮೇಷ್ಟ್ರು ಕ್ಲಚ್ ಒತ್ತುವ ಮುಂಚೆ ಅದರಿಂದ ಆಗುವ ಲಾಭನಷ್ಟ ಯೋಚಿಸುತ್ತಿದ್ದರಂತೆ. ಯೋಚನೆ ಮುಗಿಯುವ ಹೊತ್ತಿಗೆ ಎಂಜಿನ್ ಆರಿರುತ್ತಿತ್ತಂತೆ. ಎಡಕ್ಕೆ ಅಂದರೆ, ಯಾವ ಎಡ, ನನ್ನದೋ ರಸ್ತೆಯದೋ ಎಂದು ಕೇಳಿದರಂತೆ.

ಮಾರನೆಯ ದಿನ ಸೀಟಿ, ಸಾರ್ ಮೊಣಕಾಲು ಸರಿಯಿಲ್ಲ, ಡಾಕ್ಟರ ಚೀಟಿ ಬೇಕು ಅಂದ. ಮೇಷ್ಟ್ರು ಚೀಟಿ ತಂದರು. ಬೆಳಿಗ್ಗೆ ಹೊತ್ತು ಖಾಲಿಯಿಲ್ಲ ಅಂದ. ಸಂಜೆ ಬರುತ್ತೇನೆ ಅಂದರು. ಸಂಜೆ ಸೂರ್ಯ ಕಣ್ಣಿಗೆ ಹೊಡೆಯುತ್ತದೆ ಅಂದ. ಕೊನೆಗೆ, ಎದುರು ರಸ್ತೆಯವರು ಬಹಳ ಚೆನ್ನಾಗಿ ಹೇಳಿಕೊಡುತ್ತಾರೆ ಸಾರ್ ಎಂದು ಕೈಮುಗಿದ. ಬಾಗಿಲಲ್ಲಿ ನಿಂತಿದ್ದ ಮಾವನಿಗೆ ಇದು ಕೇಳಿಸದೆ ಹೋದದ್ದು ಸೀಟಿಯ ಪುಣ್ಯ. ಮೇಷ್ಟ್ರು ಬ್ರೇಕಣ್ಣನತ್ತ ತಿರುಗಿದರು. ಅವನು ನೆಲ ನೋಡುತ್ತ, “ನಂಗೆ ಇಬ್ರು ಮಕ್ಕಳಿದಾರೆ ಸಾರ್” ಅಂದ. ಪಾಸಾದ ತಲೆಗೆ ಇಷ್ಟು ಅಂದಮೇಲೆ, ಪಾಸಾಗದ ತಲೆಯನ್ನು ಹೊತ್ತು ತಿರುಗಲು ಯಾರಿಗೆ ಏನು ಬಂದಿದೆ?

ಮರುದಿನ ಕ್ಲಾಸಿನಲ್ಲಿ ಮೇಷ್ಟ್ರು ಹಲಗೆಯ ಮೇಲೆ ತಮ್ಮದೇ ಚಿತ್ರ ಬರೆದರು, ಒಂದು ಗೆರೆ, ಮೇಲೊಂದು ಸೊನ್ನೆ. “ಪ್ರೋತ್ಸಾಹ ಬದಲಾದ್ರೆ ನಡತೆ ಬದಲಾಗುತ್ತೆ ಅಂತ ಇಪ್ಪತ್ತಾರು ವರ್ಷದಿಂದ ಹೇಳ್ತಾ ಬಂದಿದೀನಿ. ಮೊದಲು ನನ್ನನ್ನೇ ಆಚೆ ಹಾಕುತ್ತೆ ಅಂತ ಗೊತ್ತಿರಲಿಲ್ಲ.” ಅವರಿಗೆ ಅವಮಾನವಾಗಿತ್ತು, ಜೊತೆಗೆ ಎಲ್ಲಿಲ್ಲದ ಸಂತೋಷವೂ ಆಗಿತ್ತು. ಆ ಎರಡನ್ನು ಒಂದೇ ಮುಖದಲ್ಲಿ ನೋಡುವುದು ಕಷ್ಟ. ಯಾಕಮ್ಮ ನೋಟ್ ಪುಸ್ತಕದಲ್ಲಿ ತಲೆ ಹುದುಗಿಸಿದಳು.

ಅವಳು ಆಗ ನಿಲ್ಲಿಸಬೇಕಿತ್ತು. ಆದರೆ ಟೈಲರಕ್ಕನ ಸಾಲು ಅವಳ ಕಣ್ಣಿನಲ್ಲಿ ಕಸ ಬಿದ್ದ ಹಾಗೆ ಚುಚ್ಚುತ್ತಿತ್ತು. ಬ್ರೇಕಣ್ಣನಿಗೂ ಈಗ ಅದೇ ಚುಚ್ಚುತ್ತಿತ್ತು. ಮೊದಲು ಮಂಗಳವಾರ, ಶುಕ್ರವಾರ ಎಂದರೆ ಅವನಿಗೆ ಅರ್ಧ ರಜೆ. ಅಕ್ಕ ಎಷ್ಟು ಚೆನ್ನಾಗಿ ಓಡಿಸುತ್ತಿದ್ದರೆಂದರೆ ಅವನು ಸೀಟು ಹಿಂದಕ್ಕೆ ತಳ್ಳಿ ಕಣ್ಣು ಮುಚ್ಚುತ್ತಿದ್ದ. ಹೊಸ ಪದ್ಧತಿಯಲ್ಲಿ ಅವರು ಪಾಸಾಗುವ ತನಕ ಆ ಎರಡು ಗಂಟೆಗೆ ಬಿಡಿಗಾಸು ಇಲ್ಲ. ನಿದ್ದೆಗೆ ಯಾರೂ ಸಂಬಳ ಕೊಡುವುದಿಲ್ಲವೆಂದು ಅವನಿಗೆ ಮೊದಲ ಸಲ ಗೊತ್ತಾದದ್ದು.

ಇಬ್ಬರೂ ಸೇರಿ ಅಕ್ಕನ ಬೆನ್ನು ಹತ್ತಿದರು. ಟೈಲರಕ್ಕ ಹೆಚ್ಚು ಮಾತಿನವರಲ್ಲ. ಬಾಯಲ್ಲಿ ಗುಂಡುಸೂಜಿ ಹಿಡಿದೇ ಮೂವತ್ತೈದು ವರ್ಷ ಕಳೆದಿದ್ದರಿಂದಲೋ ಏನೋ, ತುಟಿ ತೆರೆಯುವ ಮುಂಚೆ ಒಂದು ಕ್ಷಣ ತಡೆಯುತ್ತಿದ್ದರು. ಪರೀಕ್ಷೆಯ ಮಾತೆತ್ತಿದರೆ, ಆಮೇಲೆ ನೋಡೋಣ ಅಂದರು. ಇನ್ನೊಮ್ಮೆ ಕೇಳಿದರೆ, ಆರ್ಡರ್ ಜಾಸ್ತಿ ಇದೆ ಅಂದರು. ಯಾಕಮ್ಮ ಅವರ ಅಂಗಡಿಗೇ ಹೋಗಿ, ಕತ್ತರಿಸಿದ ಬಟ್ಟೆಯ ರಾಶಿಯ ನಡುವೆ ಕುಕ್ಕರಗಾಲಲ್ಲಿ ಕೂತು, ಅವರು ಎರಡು ವರ್ಷದಿಂದ ಹೇಗೆ ಮೋಸ ಹೋಗುತ್ತಿದ್ದಾರೆ ಎಂದು ಮುಕ್ಕಾಲು ಗಂಟೆ ವಿವರಿಸಿದಳು. ಗೆರೆ ಎಳೆದ ಕಾಗದವನ್ನೂ ತೋರಿಸಿದಳು. ಅಕ್ಕ ಮಿಷನ್ ನಿಲ್ಲಿಸದೆ ಕೇಳಿದರು. ಇಷ್ಟು ಚೆನ್ನಾಗಿ ಓದುವ ಹುಡುಗಿ ಇಷ್ಟು ದೂರ ನಡೆದು ಬಂದಿದ್ದಾಳಲ್ಲ ಎಂಬ ದಾಕ್ಷಿಣ್ಯಕ್ಕೆ, ಕೊನೆಗೆ ಆಗಲಿ ಅಂದರು. ತಾವೇ ಹೇಗೋ ಫೇಲಾಗಿ ಬಂದರಾಯಿತು ಎಂದು ಆಗಲೇ ಮನಸ್ಸಿನಲ್ಲಿ ಅಳತೆ ಹಾಕಿದ್ದರು. ಅದು ಯಾಕಮ್ಮನಿಗೆ ಹೇಗೆ ಗೊತ್ತಾಗಬೇಕು?

ಪರೀಕ್ಷೆ ಆರನೆಯ ವಾರ ನಡೆಯಿತು, ಅಕ್ಕನ ಇನ್ನೂರ ಹನ್ನೆರಡನೆಯ ಪಾಠದ ಬದಲಿಗೆ. ಇನ್ಸ್‌ಪೆಕ್ಟರ್ ಒಣಕಲು ಮನುಷ್ಯ, ಕೈಯಲ್ಲಿ ಕ್ಲಿಪ್ ಹಾಕಿದ ಹಲಗೆ. ಯಾಕಮ್ಮ ತನ್ನ ಕಾಲೇಜಿನ ಪತ್ರ ತೋರಿಸಿ ಹಿಂದಿನ ಸೀಟಿನಲ್ಲಿ ಕೂರಲು ಅನುಮತಿ ಪಡೆದಿದ್ದಳು. ಬ್ರೇಕಣ್ಣ ಮೈದಾನದ ಅಂಚಿನಲ್ಲಿ, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದ.

ಅಕ್ಕ ಕಾರು ಹೊರಡಿಸಿದರು. ಎಣ್ಣೆ ಸುರಿದಂತೆ ಹೋಯಿತು. ನೂರು ಗಜ ಹೋದಮೇಲೆ ಅವರಿಗೆ ತಾವು ಬಂದ ಕೆಲಸ ನೆನಪಾಗಿರಬೇಕು. ಬಲಕ್ಕೆ ದೀಪ ಹಾಕಿ ಎಡಕ್ಕೆ ತಿರುಗಿದರು. ಇನ್ಸ್‌ಪೆಕ್ಟರ್ ಏನೋ ಬರೆದುಕೊಂಡರು. ವೃತ್ತದ ಹತ್ತಿರ, ಮುಂದೆ ಹಿಂದೆ ಯಾರೂ ಇಲ್ಲದಾಗ, ಎಂಜಿನ್ ಆರಿಸಿಬಿಟ್ಟರು. ಇನ್ಸ್‌ಪೆಕ್ಟರ್ ಬರೆದುಕೊಂಡರು. ಸುಡುಬಿಸಿಲಿನಲ್ಲಿ ವೈಪರ್ ಹಾಕಿ ಅರ್ಧ ರಸ್ತೆ ಹಾಗೇ ಹೋದರು. ಹಿಮ್ಮುಖವಾಗಿ ನಿಲ್ಲಿಸಿ ಅಂದರೆ, ಎರಡು ಗೆರೆಗಳ ನಡುವೆ ನಿಲ್ಲಿಸಬೇಕಾದ ಕಾರನ್ನು ಒಂದು ಗೆರೆಯ ಮೇಲೆ ಸರಿಯಾಗಿ ಮಧ್ಯಕ್ಕೆ ನಿಲ್ಲಿಸಿದರು. ದಾರ ಹಿಡಿದು ಅಳೆದರೂ ಎರಡು ಕಡೆ ಒಂದೇ ಸಮ ಇರುತ್ತಿತ್ತು. ಹಿಂದೆ ಕೂತ ಯಾಕಮ್ಮ ಇಷ್ಟು ವರ್ಷ ಮಲಗಿಕೊಂಡು ಕಲಿಸಿದ ಬ್ರೇಕಣ್ಣನನ್ನು ಮನಸ್ಸಿನಲ್ಲೇ ಬೈದಳು.

ಕಾರು ನಿಂತಿತು. ಇನ್ಸ್‌ಪೆಕ್ಟರ್ ಕಾಗದದ ಕೆಳಗೆ ಸಹಿ ಹಾಕಿದರು. “ಪಾಸ್” ಅಂದರು.

ಟೈಲರಕ್ಕ ತಿರುಗಿ ನೋಡಿದರು. “ಸರಿಯಾಗಿ ನೋಡಿದ್ರಾ ಸಾರ್? ನಾನು ತಪ್ಪು ದೀಪ ಹಾಕ್ದೆ.”

“ನೋಡ್ದೆ.”

“ಎಂಜಿನ್ ಆರ್ಹೋಯ್ತು. ಗೆರೆ ಮೇಲೆ ನಿಲ್ಲಿಸ್ದೆ.”

“ಅದಕ್ಕೆಲ್ಲ ಮಾರ್ಕ್ಸ್ ಕಳೆದಿದೀನಿ. ಕಳೆದ ಮೇಲೂ ಒಂದು ಉಳಿದಿದೆ.” ಇನ್ಸ್‌ಪೆಕ್ಟರ್ ಪೆನ್ನು ಜೇಬಿಗೆ ಸಿಕ್ಕಿಸಿದರು. “ಇಪ್ಪತ್ತು ವರ್ಷದಿಂದ ಕೆಟ್ಟದಾಗಿ ಓಡಿಸೋರನ್ನೇ ನೋಡ್ತಿದೀನಿ ಅಮ್ಮ. ತಪ್ಪು ಮಾಡೋಕೆ ಮುಂಚೆ ಅವ್ರು ಯಾರೂ ಕನ್ನಡಿ ನೋಡಲ್ಲ. ನೀವು ಒಂದೊಂದು ಸಲವೂ ಕನ್ನಡಿ ನೋಡಿ, ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ತಪ್ಪು ಮಾಡಿದ್ರಿ. ನಿಮಗೆ ಕೆಟ್ಟದಾಗಿ ಓಡಿಸೋಕೆ ಬರಲ್ಲ. ಯಾಕೆ ಒದ್ದಾಡ್ತೀರಿ?”

ಅವರು ಇಳಿದು ಹೋದಮೇಲೂ ಅಕ್ಕ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದರು. ಬ್ರೇಕಣ್ಣ ಓಡಿಬಂದು, ಮುಖ ನೋಡಿ, ಫೇಲಾಯಿತೆಂದು ತಿಳಿದು ಸಮಾಧಾನ ಹೇಳತೊಡಗಿದ.

ಸ್ಕೂಲಿಗೆ ವಾಪಸಾದ ಮೇಲೆ ಅಕ್ಕ ಅತ್ತೆಯ ಮೇಜಿನ ಎದುರು ಕೂತು, ಶುಕ್ರವಾರ ಏಳು ಗಂಟೆಗೆ ಎಂದಿನಂತೆ ಬರಬಹುದೇ ಎಂದು ಕೇಳಿದರು. ಅತ್ತೆ ಮಾವನ ಮುಖ ನೋಡಿದರು. ಮಾವ ತಲೆ ಕೆರೆದುಕೊಂಡರು. ಇನ್ಶೂರೆನ್ಸ್ ಕಾಗದದ ಪ್ರಕಾರ ಆ ಕಾರುಗಳನ್ನು ಕಲಿಸುವವರು ಓಡಿಸಬಹುದು, ಕಲಿಯುವವರು ಓಡಿಸಬಹುದು. ಕಲಿತುಬಿಟ್ಟವರು ಓಡಿಸುವ ಹಾಗಿಲ್ಲ.

“ಗೊತ್ತಿತ್ತು,” ಅಂದರು ಅಕ್ಕ. “ಅದಕ್ಕೇ ಎರಡು ವರ್ಷ ಪರೀಕ್ಷೆ ತಂಟೆಗೆ ಹೋಗಿರಲಿಲ್ಲ.” ಆಮೇಲೆ ಯಾಕಮ್ಮನತ್ತ ತಿರುಗಿದರು. “ನಾನು ಮೋಸ ಹೋಗ್ತಿದೀನಿ ಅಂತ ನಿಂಗೆ ಯಾರು ಹೇಳಿದ್ರು?”

“ರಿಜಿಸ್ಟರಲ್ಲಿ...”

“ರಿಜಿಸ್ಟರನ್ನ ಕೇಳಿದೆ. ಊರೋರನ್ನೆಲ್ಲ ಯಾಕೆ ಯಾಕೆ ಅಂತ ಕೇಳ್ತೀಯಂತೆ, ನನ್ನೊಬ್ಬಳನ್ನ ಕೇಳಲಿಲ್ವಲ್ಲ.”

ಅವರು ಹೇಳಿದ ಲೆಕ್ಕ ಇದು. ದಿನಕ್ಕೆ ಹತ್ತು ಗಂಟೆ ಮಿಷನ್ ಮುಂದೆ ಕೂತು ಒಂದು ಗೇಣು ದೂರದ ಸೂಜಿ ನೋಡುವವರು ವಾರಕ್ಕೆರಡು ಸಲ ದೂರ ನೋಡಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ. ಬಸ್ಸಿನಲ್ಲಿ ಕೂತರೆ ಮುಂದಿನವರ ತಲೆ ಕಾಣುತ್ತದೆ. ಕಾರು ಓಡಿಸಿದರೆ ರಸ್ತೆ ಕಾಣುತ್ತದೆ. ಅದಕ್ಕಾಗಿ ಕಾರು ಕೊಂಡರೆ ವಾರಕ್ಕೆ ಎರಡು ಗಂಟೆ ಓಡಿಸಲು ಉಳಿದ ನೂರ ಅರವತ್ತಾರು ಗಂಟೆ ಅದನ್ನು ಸಾಕಬೇಕು. ನಿಲ್ಲಿಸಲು ಜಾಗ, ಇನ್ಶೂರೆನ್ಸ್, ಟೈರು, ಗೀಚಿದರೆ ಹೊಟ್ಟೆಯುರಿ. ಬಾಡಿಗೆ ಕಾರಿಗೆ ಪರವಾನಗಿ ಬೇಕು, ಅದೇನೋ ಈಗ ಬಂತು, ಆದರೆ ದಾರಿಯಲ್ಲಿ ಕೆಟ್ಟು ನಿಂತರೆ ಯಾರು? ಈ ಸ್ಕೂಲಿನಲ್ಲಿ ಪಾಠದ ಹಣಕ್ಕೆ ಒರೆಸಿಟ್ಟ ಕಾರು, ಪೆಟ್ರೋಲು, ಪಂಕ್ಚರ್ ಹಾಕಲು ಒಬ್ಬ ಆಳು, ಆ ಆಳಿನ ಕಾಲಿಗೆ ಇನ್ನೊಂದು ಬ್ರೇಕು, ಎಲ್ಲ ಸೇರಿ ಸಿಗುತ್ತದೆ. ಊರಿನಲ್ಲಿ ಇಷ್ಟು ಅಗ್ಗದ ಕಾರು ಇನ್ನೊಬ್ಬರ ಹತ್ತಿರ ಇದ್ದರೆ ತೋರಿಸಿ.

ಯಾಕಮ್ಮನಿಗೆ ಎರಡು ವರ್ಷ ಓದಿದ ಅರ್ಥಶಾಸ್ತ್ರವೆಲ್ಲ ಬಾಲವಾಡಿಯ ಹಾಡಿನ ಹಾಗೆ ಕೇಳಿಸಿತು. ಸಾರಿ ಅಕ್ಕ ಅಂದಳು. ಅಕ್ಕ ಪರ್ಸು ತೆಗೆದುಕೊಂಡು ಎದ್ದರು. ಬಾಗಿಲಲ್ಲಿ ಬ್ರೇಕಣ್ಣ ಪಾಸಾದ ತಲೆಯ ಹಣಕ್ಕೆ ಕೈ ಚಾಚಿಕೊಂಡು ಒಳಗೆ ಬರುತ್ತಿದ್ದ. ಅತ್ತೆ ಅವನನ್ನು ನೋಡಿದ ನೋಟಕ್ಕೆ ಕೈ ತಾನಾಗಿ ಜೇಬಿಗೆ ಹೋಯಿತು.

ಆ ವಾರಾಂತ್ಯಕ್ಕೆ ಲೆಕ್ಕ ನೋಡಿದರೆ ಬಿಸಿ ಎಲ್ಲರಿಗೂ ತಟ್ಟಿತ್ತು. ಬೇಗ ಕಲಿತವರು ಬೇಗ ಹೋಗಿದ್ದರು. ನಿಧಾನದವರನ್ನು ಸೀಟಿ ಮೊಣಕಾಲು, ಕಣ್ಣು, ಸೂರ್ಯ ಎಂದು ಓಡಿಸಿದ್ದ. ಅವರೆಲ್ಲ ಎದುರು ರಸ್ತೆಯಲ್ಲಿ ಸೇರಿಕೊಂಡಿದ್ದರು. ಹೆಸರು ಕೇಳಿ ಹೊಸಬರು ಬರಲು ಇನ್ನೂ ತಿಂಗಳುಗಳು ಬೇಕು. ಮಧ್ಯಾಹ್ನವೆಲ್ಲ ಕಾರುಗಳು ಬಾಗಿಲಲ್ಲಿ ಖಾಲಿ ನಿಂತಿರುತ್ತಿದ್ದವು. ಮಾವ ಅವನ್ನು ಮತ್ತೆ ಮತ್ತೆ ಒರೆಸಿ ಬಣ್ಣ ತೆಳ್ಳಗೆ ಮಾಡುತ್ತಿದ್ದರು.

ಯಾಕಮ್ಮ ಎರಡು ದಿನ ಸ್ಕೂಲಿನ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬಂದು ಇನ್ಶೂರೆನ್ಸ್ ಏಜೆಂಟನಿಗೆ ಫೋನ್ ಮಾಡಿದಳು. ಕಲಿತವರು ಕಲಿಸುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡುವುದಕ್ಕೆ ಕಾಗದದಲ್ಲಿ ಜಾಗವಿದೆಯೇ? ಏಜೆಂಟ್ ಸಂಜೆ ಹೇಳುತ್ತೇನೆ ಅಂದ. ಸಂಜೆ ತಾನೇ ಫೋನ್ ಮಾಡಿ, ಒಂದು ಸಾಲು ಸೇರಿಸಿದರೆ ಆಗುತ್ತದೆ, ಸ್ವಲ್ಪ ಹೆಚ್ಚು ಕಟ್ಟಬೇಕು ಅಂದ. ಇಪ್ಪತ್ತು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲವಂತೆ.

ಏಜೆಂಟ್ ಸಾಲು ಸೇರಿಸಿ ಕೊಟ್ಟ ಮೇಲೆ, ಇದು ಒಬ್ಬ ಅಕ್ಕನಿಗಾಗಿ ಕಟ್ಟುವ ಹಣವೇ ಎಂದು ಮಾವ ರಾಗ ಎಳೆದರು. ಅತ್ತೆ ಹಳೆಯ ರಿಜಿಸ್ಟರ್ ತೆರೆದು, ಹತ್ತು ವರ್ಷದಲ್ಲಿ ಪಾಸಾಗಿ ಹೋದವರಿಗೆ ಒಬ್ಬೊಬ್ಬರಾಗಿ ಫೋನ್ ಹಚ್ಚಿದರು. ಕಾರು ಇದೆಯೇ? ಇಲ್ಲ. ಓಡಿಸಿದ್ದು ಯಾವಾಗ? ಪರೀಕ್ಷೆಯ ದಿನ. ಪರವಾನಗಿ ಎಲ್ಲಿದೆ? ಬೀರುವಿನಲ್ಲಿ. ಧೈರ್ಯ? ಅದು ಪಕ್ಕದ ಸೀಟಿನ ಬ್ರೇಕಿನ ಜೊತೆಗೇ ಉಳಿದುಹೋಗಿದೆ. ನಲವತ್ತು ಫೋನಿಗೆ ಹನ್ನೊಂದು ಜನ ಬರುತ್ತೇವೆ ಅಂದರು. ಒಬ್ಬ ಹಲ್ಲಿನ ಡಾಕ್ಟರಂತೂ ಇವತ್ತೇ ಸಂಜೆಗೆ ಆಗುತ್ತದೆಯೇ ಎಂದು ಕೇಳಿದ. ಇವರಿಂದ ಗಂಟೆಗೆ ಹೆಚ್ಚು ತೆಗೆದುಕೊಳ್ಳಬಹುದೆಂದು ಮಾವನಿಗೆ ತಕ್ಷಣ ಹೊಳೆಯಿತು. ಒಂದೇ ಸರಕನ್ನು ಬೇರೆ ಬೇರೆಯವರಿಗೆ ಬೇರೆ ಬೇರೆ ಬೆಲೆಗೆ ಮಾರುವುದಕ್ಕೆ ಬೆಲೆ ತಾರತಮ್ಯ ಎನ್ನುತ್ತಾರೆ ಎಂದು ಯಾಕಮ್ಮ ಹೇಳಿದಳು.

“ಇದಕ್ಕೂ ಒಂದು ಹೆಸರಿದ್ಯಾ?” ಮಾವ ಅಚ್ಚರಿಪಟ್ಟರು. “ನಾವು ಸುಮ್ನೆ ಮಾಡ್ತಿದ್ವಲ್ಲ.”

ಟೈಲರಕ್ಕನನ್ನು ವಾಪಸ್ ಕರೆಯಲು ಯಾಕಮ್ಮನೇ ಹೋದಳು. ಈ ಸಲ ಕಾಗದ ಒಯ್ಯಲಿಲ್ಲ. ಅಕ್ಕ ಗುಂಡುಸೂಜಿ ಬಾಯಿಂದ ತೆಗೆದು, ಹಳೆಯ ಬೆಲೆಗಾದರೆ ಬರುತ್ತೇನೆ, ಹೊಸ ಬೆಲೆಗಾದರೆ ಹಲ್ಲಿನ ಡಾಕ್ಟರನ್ನೇ ಕೂರಿಸಿಕೊಳ್ಳಿ ಅಂದರು. ಮೊದಲ ಗಿರಾಕಿಗೆ ಮೊದಲ ಬೆಲೆ ಎಂದು ಅತ್ತೆ ತೀರ್ಪು ಕೊಟ್ಟರು. ಕಲಿಸುವವರ ಸಂಬಳವೂ ಬದಲಾಯಿತು: ಪಾಠಕ್ಕೆ ಸ್ವಲ್ಪ, ಪಾಸಾದ ತಲೆಗೆ ಸ್ವಲ್ಪ. ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ. ಸೀಟಿ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಮತ್ತೆ ರಾಗ ಕೇಳಿಸಿತು.

ವರದಿ ಓದುವ ದಿನ ಯಾಕಮ್ಮ ಏನನ್ನೂ ಮುಚ್ಚಿಡಲಿಲ್ಲ. ಪಾಸಾದವರು ದುಪ್ಪಟ್ಟು, ಆದಾಯ ಮೂರರಲ್ಲಿ ಒಂದು ಭಾಗ ಕಡಿಮೆ, ಕೈಬಿಟ್ಟ ಗಿರಾಕಿಗಳು ಒಂಬತ್ತು, ಅದರಲ್ಲಿ ಒಬ್ಬರು ಇದೇ ಕೋಣೆಯಲ್ಲಿದ್ದಾರೆ ಎಂದಳು. ಕ್ಲಾಸು ನಕ್ಕಿತು. ಟೈಲರಕ್ಕನ ಲೆಕ್ಕವನ್ನು ಅವರ ಮಾತಿನಲ್ಲೇ ಓದಿದಳು. ಆಗ ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗನೊಬ್ಬ ನೂರ ಅರವತ್ತಾರು ಗಂಟೆ ಹೇಗೆ ಬಂತೆಂದು ಬೆರಳು ಮಡಚಿ ಎಣಿಸುತ್ತಿದ್ದ.

ಮೇಷ್ಟ್ರು ವರದಿಯನ್ನು ಕೈಗೆ ತೆಗೆದುಕೊಂಡರು. ಆಮೇಲೆ, ಒಂದೇ ಬದಲಾವಣೆ ಎಂದು ಹೇಳಿದ್ದೆ, ನೀನು ಕೊನೆಗೆ ಮೂರು ಮಾಡಿದೀಯ, ನಿಯಮದ ಪ್ರಕಾರ ಸೊನ್ನೆ ಅಂದರು. 

“ಒಂದಕ್ಕೇ ನಿಲ್ಲಿಸಿದ್ದಿದ್ರೆ ಮಾವನ ಸ್ಕೂಲ್ ಸೊನ್ನೆ ಆಗ್ತಿತ್ತು ಸಾರ್,” ಅಂದಳು ಯಾಕಮ್ಮ.

ಅರವತ್ತೆಂಟು ಕೊಟ್ಟರು. ಅವಳು ಎಪ್ಪತ್ತೈದಕ್ಕೆ ಚೌಕಾಸಿಗೆ ನಿಂತಳು. ಎಪ್ಪತ್ತಕ್ಕೆ ಕುದುರಿತು. ಮೇಷ್ಟ್ರು ಜೀವನದಲ್ಲಿ ಮಾಡಿದ ಮೊದಲ ವ್ಯಾಪಾರ ಅದು. ನಷ್ಟವಾಯಿತೇನೋ ಎಂಬ ಅನುಮಾನ ಅವರ ಮುಖದಲ್ಲಿ ಸಂಜೆಯ ತನಕ ಇತ್ತು.

ಮುಂದಿನ ಸೋಮವಾರ ಅವರು ಡಾಕ್ಟರ ಚೀಟಿಯ ಸಮೇತ ಮತ್ತೆ ಸ್ಕೂಲಿಗೆ ಬಂದರು. ಯಾರನ್ನೂ ವಾಪಸ್ ಕಳಿಸುವಂತಿಲ್ಲವಲ್ಲ, ಬ್ರೇಕಣ್ಣ ಅವರನ್ನು ಕೂರಿಸಿಕೊಂಡು ಮೈದಾನಕ್ಕೆ ಹೋದ. ಆಗಿನಿಂದ ಈಗಿನವರೆಗೆ ಅರವತ್ತು ಪಾಠ ಮುಗಿದಿವೆ. ಎರಡನೆಯ ಗೇರಿಗೆ ಬಂದಿದ್ದಾರೆ. ಮೂರನೆಯ ಗೇರಿನಿಂದ ನಿಜವಾಗಿ ಎಷ್ಟು ಅನುಕೂಲ ಎಂಬುದರ ಬಗ್ಗೆ ಇಬ್ಬರ ನಡುವೆ ಚರ್ಚೆ ನಡೆದಿದೆ. ಅವಸರ ಬೇಡ ಸಾರ್, ಯೋಚನೆ ಮಾಡಿ ಅನ್ನುತ್ತಾನೆ ಬ್ರೇಕಣ್ಣ.